ಎಣ್ಣೆ ಡಬ್ಬದ ಎರಡನೇ ತೂತು

ಮೊದಲು ಅದನ್ನು ಕೇಳಿಸಿಕೊಂಡವರು ನಮ್ಮತ್ತೆ. ಬೆಳಗಿನ ಜಾವ ಐದೂವರೆ ಇರಬಹುದು. "ಬಚ್ಚಲಲ್ಲಿ ಯಾರೋ ಗುಡುಗುಡಿ ಸೇದ್ತಾ ಇದಾರೆ ಕಣೇ" ಅಂದರು. ಅವರಿಗೆ ಎಂಬತ್ತೆರಡು ವರ್ಷ. ನಾನು ನಕ್ಕು ಸುಮ್ಮನಾದೆ. ಮಾರನೇ ದಿನ ನನಗೂ ಕೇಳಿಸಿತು. ಮೇಲಿನ ಮನೆಯಲ್ಲಿ ಫ್ಲಶ್ ಮಾಡಿದ ಸದ್ದು. ಅದರ ಹಿಂದೆಯೇ ನಮ್ಮ ಬಚ್ಚಲಿನ ನಹಾನಿ ಟ್ರ್ಯಾಪಿನಿಂದ, ಅಂದರೆ ನೆಲದ ಜಾಲರಿಯ ಕೆಳಗೆ ನೀರು ನಿಲ್ಲುವ ಗುಂಡಿಯಿಂದ, ಒಂದು ದೊಡ್ಡ ತೇಗು, ಆಮೇಲೆ ಗುಳುಗುಳು ಗುಳುಗುಳು. ಕೊನೆಗೆ ವಾಸನೆ.

ನಮ್ಮದು ಸರಸ್ವತಿಪುರಂನಲ್ಲಿ ಮಾವ 1987ರಲ್ಲಿ ಕಟ್ಟಿಸಿದ ಮನೆ. ಮೂವತ್ತು ನಲವತ್ತರ ಸೈಟು, ಹಿಂದೆ ಕನ್ಸರ್ವೆನ್ಸಿ ಗಲ್ಲಿ. ಮೈಸೂರಿನ ಹಳೇ ಬಡಾವಣೆಗಳಲ್ಲಿ ಮನೆಸಾಲುಗಳ ಬೆನ್ನಿಗೆ ಇಂಥ ಗಲ್ಲಿ ಇರುವುದು ಗೊತ್ತಲ್ಲ. ಪಾಯಿಖಾನೆ ಚೊಕ್ಕಟ ಮಾಡುವವರು ಮನೆ ಮುಂದೆ ಕಾಣಿಸಿಕೊಳ್ಳದೆ ಹಿಂದಿನಿಂದಲೇ ಬಂದು ಹೋಗಲಿ ಅಂತ ಒಂದು ಕಾಲದಲ್ಲಿ ಬಿಟ್ಟ ದಾರಿ ಅದು. ಹೆಮ್ಮೆ ಪಡುವ ಲೆಕ್ಕಾಚಾರವೇನಲ್ಲ ಬಿಡಿ. ಈಗ ನಮ್ಮ ಗಲ್ಲಿಯಡಿ ಯುಜಿಡಿ, ಅಂದರೆ ಒಳಚರಂಡಿ ಪೈಪು ಹೋಗುತ್ತದೆ. ಹಾಗಾಗಿ ಪಾಯಿಖಾನೆಯ ಪೈಪುಗಳೆಲ್ಲ ಹಿಂಗೋಡೆಯ ಮೇಲೇ ಇವೆ. ಇದು ಆಮೇಲೆ ನಮ್ಮ ಕೈ ಹಿಡಿಯಿತು.

ಮಗನ ಮದುವೆ ಆದಮೇಲೆ, 2022ರಲ್ಲಿ, ಮೇಲೊಂದು ಮನೆ ಎಬ್ಬಿಸಿದೆವು. ಮೇಲಿನ ಕಮೋಡಿನಿಂದ ನಾಲ್ಕಿಂಚಿನ ಪೈಪು ಹಿಂಗೋಡೆಯ ಮೇಲೆ ಇಳಿಯಿತು. ಅಂಗಡಿಯವರ ಮಾತಿನಲ್ಲಿ, ಕೊಳೆ ನೀರಿಗೂ ಮಳೆ ನೀರಿಗೂ ಬಳಸುವ 110 ಮಿ.ಮೀ. ಎಸ್‌ಡಬ್ಲ್ಯೂಆರ್ ಪೈಪು. ಬುಡದಲ್ಲಿ ಒಂದು ಬೆಂಡ್, ಬೆಂಡ್ ಆಗಿ ಒಂದೂವರೆ ಅಡಿಗೆ ಒಂದು ವೈ, ಅಂದರೆ Y ಆಕಾರದ ಜೋಡಣೆ. ಆ ವೈಗೆ ಕೆಳಗಿನ ಮನೆಯ ಕಮೋಡೂ ಬಚ್ಚಲೂ ಸೇರಿದವು. ಅಲ್ಲಿಂದ ಚೇಂಬರು, ಚೇಂಬರಿನಿಂದ ಗಲ್ಲಿ. ಮೇಲುಗಡೆ ತಾರಸಿಗೆ ಗಾಳಿ ಪೈಪು, ಅಂದರೆ ವೆಂಟ್, ಎಷ್ಟು ಇಂಚಿನದು ಹಾಕಲಿ ಅಂತ ಪ್ಲಂಬರ್ ಹುಡುಗ ಕೇಳಿದ್ದನಂತೆ. ಕೇಳಿದ್ದು ನಮ್ಮನೆಯವರನ್ನ. ಅವರು "ಎಷ್ಟು ಸಾಕೋ ಅಷ್ಟು ಹಾಕಪ್ಪ" ಅಂದರಂತೆ. ಒಂದೂವರೆ ಇಂಚು ಬಿತ್ತು.

ವಾಸನೆಗೆ ನಾವು ಮಾಡಿದ ಮದ್ದುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಫಿನಾಯಿಲ್ ಸುರಿದೆ. ಆ್ಯಸಿಡ್ ಸುರಿದೆ. ಜಾಲರಿ ಬದಲಾಯಿಸಿದೆ, ನುಸಿಗುಳಿಗೆ ಹಾಕಿದೆ. ಚೇಂಬರ್ ತೆಗೆಸಿ ಕ್ಲೀನ್ ಮಾಡಿಸಿದೆ. ಒಳಗೆ ಏನೂ ಕಟ್ಟಿಕೊಂಡಿರಲಿಲ್ಲ, ಸುಮ್ನೆ ದುಡ್ಡು ಹೋಯಿತು. ಅತ್ತೆ ತಮ್ಮ ಪಾಡಿಗೆ ದಿನಾ ರಾತ್ರಿ ಮಲಗುವ ಮುಂಚೆ ನಹಾನಿ ಟ್ರ್ಯಾಪಿಗೆ ಒಂದು ಚೊಂಬು ನೀರು ಹುಯ್ಯತೊಡಗಿದರು. ಆ ಚೊಂಬು ನೀರಿನಿಂದ ಮಾತ್ರ ರಾತ್ರಿ ವಾಸನೆ ನಿಲ್ಲುತ್ತಿತ್ತು, ಬೆಳಿಗ್ಗೆ ಮೇಲೆ ಮೊದಲನೇ ಫ್ಲಶ್ ಆಗುವವರೆಗೆ. ಇದರಲ್ಲೇ ಉತ್ತರ ಇತ್ತು. ನಮಗೆ ಹೊಳೆಯಲಿಲ್ಲ.

ಪ್ಲಂಬರ್ ಹುಡುಗನನ್ನು ಮತ್ತೆ ಕರೆಸಿದೆ. ಅವನು ಒಪ್ಪಲೇ ಇಲ್ಲ. "ವೆಂಟ್ ಇದೆಯಲ್ಲ ಮೇಡಂ, ನಾನೇ ಹಾಕಿದ್ದು. ಒಂದೂವರೆ ಇಂಚು ಬೇಕಾದಷ್ಟಾಯ್ತು. ಅಮೆರಿಕದಲ್ಲೇ ಅಷ್ಟು ಹಾಕೋದು, ವಿಡಿಯೋ ತೋರಿಸ್ಲಾ? ಸೆಪ್ಟಿಕ್ ಟ್ಯಾಂಕಿಗೇ ಎರಡಿಂಚು ಹಾಕ್ತಾರೆ, ಇದಕ್ಯಾಕೆ ಅದಕ್ಕಿಂತ ದೊಡ್ಡದು?" ಅಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಎರಡು ಮಾತೂ ನಿಜವೇ. ಮದ್ದೂರು ಹತ್ತಿರದ ನನ್ನ ತವರಿನಲ್ಲಿ ಸೆಪ್ಟಿಕ್ ಟ್ಯಾಂಕಿಗೆ ಎರಡಿಂಚಿನ ಪೈಪೇ ಇದೆ. ಸೆಪ್ಟಿಕ್ ಟ್ಯಾಂಕಿನ ನಿಯಮ ಹೇಳುವ ಐಎಸ್ 2470ರಲ್ಲೂ ಗಾಳಿ ಪೈಪು ಕನಿಷ್ಠ 50 ಮಿ.ಮೀ. ಇರಲಿ ಅಂತಲೇ ಇದೆ. ಆದರೆ ಅಲ್ಲಿ ಪೈಪಿನ ಕೆಲಸ ಬೇರೆ, ಇಲ್ಲಿ ಬೇರೆ. ಅಲ್ಲಿ ದಿನವಿಡೀ ನಿಧಾನಕ್ಕೆ ಹುಟ್ಟುವ ಗ್ಯಾಸು ಆರಾಮಾಗಿ ಮೇಲೆ ಹೋದರೆ ಸಾಕು. ಇಲ್ಲಿ ಆರು ಲೀಟರ್ ನೀರು ಕೆಲವೇ ಸೆಕೆಂಡಿನಲ್ಲಿ ಧುಮುಕುತ್ತದೆ. ಅಷ್ಟರೊಳಗೆ ಗಾಳಿ ಬಂದು ಜಾಗ ತುಂಬಬೇಕು.

ಇದನ್ನು ನನಗೆ ಅರ್ಥ ಮಾಡಿಸಿದ್ದು ಶ್ರೀರಂಗಪಟ್ಟಣದ ಕಡೆಯಿಂದ ಟಿವಿಎಸ್ ಗಾಡಿಯಲ್ಲಿ ಬರುವ ಒಬ್ಬ ಹಳೇ ಪ್ಲಂಬರ್. ಬ್ಯಾಂಕಿನಲ್ಲಿ ನಮ್ಮ ಅಟೆಂಡರ್ ಕಳಿಸಿದ್ದು. ಅರವತ್ತು ದಾಟಿದ ಮನುಷ್ಯ, ಮಂಡ್ಯದ ಮಾತು. ಬಂದವರು ಬಚ್ಚಲು ನೋಡಲಿಲ್ಲ. ನೇರ ಹಿಂದುಗಡೆ ಹೋಗಿ ಗೋಡೆ ನೋಡಿದರು, ತಾರಸಿ ಹತ್ತಿ ಬಂದರು. ಕಾಫಿ ಕುಡಿಯುತ್ತಾ ನನ್ನನ್ನೇ ಕೇಳಿದರು.

"ಹದಿನೈದು ಕೆಜಿ ಎಣ್ಣೆ ಡಬ್ಬ ತತ್ತೀರಲ್ಲ, ಎಷ್ಟು ತೂತ ಹೊಡೀತೀರವ್ವ?"

"ಎರಡು."

"ಒಂದೇ ಹೊಡುದ್ರೆ?"

"ಗುಳುಕ್ ಗುಳುಕ್ ಅಂತ ನಿಂತು ನಿಂತು ಬೀಳುತ್ತೆ."

"ಅದೇ ಕಣವ್ವ ನಿಮ್ಮ ಬಚ್ಲು. ಎಲ್ಡನೇ ತೂತ ಸಾಲ್ದು."

ಕಮೋಡಿನ ಕೆಳಗಿನ ಬಾಗಿದ ಕೊಳವೆಯಲ್ಲಿ ಯಾವಾಗಲೂ ನೀರು ನಿಂತಿರುತ್ತದೆ. ಚರಂಡಿ ಗಾಳಿ ಒಳಗೆ ಬಾರದಂತೆ ತಡೆಯುವ ಬಾಗಿಲು ಅದೇ, ಇದಕ್ಕೇ ಟ್ರ್ಯಾಪ್ ಅನ್ನುವುದು. ಈ ಬಾಗಿಲನ್ನು ಮೊದಲು ಹೊಳೆಸಿಕೊಂಡು 1775ರಲ್ಲಿ ಪೇಟೆಂಟ್ ತೆಗೆದವನು ಲಂಡನ್ನಿನಲ್ಲಿದ್ದ ಅಲೆಕ್ಸಾಂಡರ್ ಕಮ್ಮಿಂಗ್ ಎಂಬ ಗಡಿಯಾರ ಮಾಡುವವನು. ಇದು ಓದಿದಾಗಿನಿಂದ ನನಗೆ ಗಡಿಯಾರ ರಿಪೇರಿಯವರ ಮೇಲೆ ಒಂದು ತರಹ ಗೌರವ. ಬಾಗಿಲೇನೋ ಸರಿ, ಆದರೆ ಅದು ಎಷ್ಟು ದಪ್ಪ? ಬರೀ 50 ಮಿ.ಮೀ., ಎರಡು ಇಂಚು. ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು ಹತ್ತು ಮೀಟರ್ ನೀರನ್ನು ಎತ್ತಿ ಹಿಡಿಯುವಷ್ಟು. ಅಂದರೆ ಪೈಪಿನೊಳಗೆ ಗಾಳಿಯ ಒತ್ತಡ ಇನ್ನೂರರಲ್ಲಿ ಒಂದು ಪಾಲು ಹೆಚ್ಚುಕಡಿಮೆ ಆದರೂ ಈ ಬಾಗಿಲು ತೆರೆದುಕೊಳ್ಳುತ್ತದೆ. ಇಷ್ಟು ಸೂಕ್ಷ್ಮವಾದದ್ದನ್ನು ನಂಬಿಕೊಂಡು ನಾವೆಲ್ಲ ನೆಮ್ಮದಿಯಾಗಿ ಮಲಗುತ್ತೇವಲ್ಲ!

ಈ ಹಳೇ ಪ್ಲಂಬರ್ ಯಜಮಾನರು ಅಷ್ಟಕ್ಕೇ ಬಿಡಲಿಲ್ಲ. ಅಳೆದು ನೋಡಾಣ ಅಂದರು. ಕೆಳಗಿನ ಕಮೋಡಿನಲ್ಲಿ ನೀರಿನ ಮಟ್ಟಕ್ಕೆ ಸರಿಯಾಗಿ ನಾನು ಒಂದು ಇನ್ಸುಲೇಶನ್ ಟೇಪಿನ ಚೂರು ಅಂಟಿಸಿದೆ. ಕೈಯಲ್ಲಿ ಬಟ್ಟೆ ಹೊಲಿಯುವ ಟೇಪು. ಕಿವಿಯಲ್ಲಿ ಫೋನು. ಮೇಲೆ ಸೊಸೆ.

"ಬಿಡ್ಲಾ ಅತ್ತೆ?"

"ಬಿಡಮ್ಮ."

ನೀರು ಮೊದಲು ಒಂದಿಷ್ಟು ಉಬ್ಬಿತು. ಆಮೇಲೆ ಬುಳಬುಳ ಅಂತ ಕೆಳಗಿಳಿದು ಅಲ್ಲಾಡುತ್ತಾ ನಿಂತಿತು. ಅಳೆದರೆ 22 ಮಿ.ಮೀ. ಇಳಿದಿತ್ತು. ಎರಡು ನಿಮಿಷ ಬಿಟ್ಟು ಇನ್ನೊಂದು ಫ್ಲಶ್, ಇನ್ನೂ 8. ಐವತ್ತರಲ್ಲಿ ಮೂವತ್ತು ಹೋಯಿತು. ಇನ್ನು ನಹಾನಿ ಟ್ರ್ಯಾಪಿನ ಕಥೆ ಕೇಳಬೇಡಿ. ಅದಕ್ಕೆ ಯಜಮಾನರು ಊದಿನಕಡ್ಡಿ ಕೇಳಿದರು. "ದೇವರ ಮನೆ ಊದಿನಕಡ್ಡಿ ಪಾಯಿಖಾನೆಗಾ?" ಅಂತ ಅತ್ತೆ ಒಳಗಿನಿಂದಲೇ ಗದರಿದರು. ಕೊನೆಗೆ ಸೊಳ್ಳೆಗೆ ಹಚ್ಚುವ ಕಡ್ಡಿ ಸಿಕ್ಕಿತು. ಜಾಲರಿಯ ಮೇಲೆ ಹಿಡಿದೆವು. ಮೇಲೆ ಫ್ಲಶ್ ಆದ ತಕ್ಷಣ ಹೊಗೆ ನನ್ನ ಮುಖಕ್ಕೆ ರಾಚಿತು. ಮರುಕ್ಷಣ ಅದೇ ಹೊಗೆ ನೆಟ್ಟಗೆ ಜಾಲರಿಯೊಳಕ್ಕೆ ಎಳೆದುಕೊಂಡು ಹೋಯಿತು.

"ಕಂಡ್ರಾ? ಮೊದ್ಲು ನೂಕ್ತು, ಆಮ್ಯಾಕೆ ಎಳೀತು. ಎಲ್ಡೂ ಕಾಯ್ಲೆ ಐತೆ" ಅಂದರು.

ಇದು ನನಗೆ ಹೊಸದು. ನಾನು ಅಲ್ಲಿಯವರೆಗೆ ಎಳೆತ ಒಂದೇ ಅಂದುಕೊಂಡಿದ್ದೆ. ನೀರು ಇಳಿಯುವಾಗ ಹಿಂದೆ ಗಾಳಿ ಸಾಲದೆ ಟ್ರ್ಯಾಪಿನ ನೀರನ್ನು ಎಳೆಯುವುದು ಒಂದು. ಇನ್ನೊಂದು, ಇಳಿಯುವ ನೀರು ತನ್ನ ಮುಂದಿನ ಗಾಳಿಯನ್ನು ತಳ್ಳಿಕೊಂಡು ಬರುವುದು. ಬುಡದ ಬೆಂಡಿನಲ್ಲಿ ನೀರು ತಿರುಗುವಾಗ ವೇಗ ಕಳೆದುಕೊಂಡು ಪೈಪು ತುಂಬುವಷ್ಟು ಎದ್ದು ನಿಲ್ಲುತ್ತದೆ. ಮುಂದಿನ ಗಾಳಿಗೆ ಹೋಗಲು ಜಾಗ ಇಲ್ಲ. ಅಲ್ಲೇ ಒಂದೂವರೆ ಅಡಿಯಲ್ಲಿ ನಮ್ಮ ಕಮೋಡಿನ ವೈ ಇದೆ. ಗಾಳಿ ಇನ್ನೆಲ್ಲಿಗೆ ಹೋಗಬೇಕು? ನಮ್ಮ ಬಚ್ಚಲಿಗೇ ತೇಗುತ್ತದೆ.

ನಿಜ ಹೇಳಬೇಕೆಂದರೆ ಕೆಳಮನೆಯ ಲೈನನ್ನು ಅಲ್ಲಿಗೆ ಸೇರಿಸಿದ್ದೇ ತಪ್ಪು. ನೆಲಮಹಡಿಯದು ಬೇರೆಯಾಗಿಯೇ ಹೋಗಿ ಚೇಂಬರಿಗೆ ಬೀಳಬೇಕಿತ್ತು. ಈಗ ಬೇರೆ ಮಾಡಬೇಕಾದರೆ ಬಚ್ಚಲಿನ ಪಕ್ಕದ ಕೋಣೆಯ ನೆಲ ಅಗೆಯಬೇಕು. ಮಾವನ ಕಾಲದ ಕೆಂಪು ರೆಡ್ ಆಕ್ಸೈಡ್ ನೆಲ, ಮೂವತ್ತೈದು ವರ್ಷ ಒರೆಸಿ ಒರೆಸಿ ಕನ್ನಡಿ ಆಗಿದೆ. ಅದಕ್ಕೆ ಕೈ ಹಾಕಿದರೆ ಅತ್ತೆ ನನ್ನನ್ನು ಬಿಡುವುದಿಲ್ಲ. ನಾನೂ ನನ್ನನ್ನು ಬಿಡುವುದಿಲ್ಲ. ಹಾಗಾಗಿ ಯಜಮಾನರು ಬೇರೆ ದಾರಿ ಹೇಳಿದರು. ಇಳಿಯುವ ನಾಲ್ಕಿಂಚಿನ ಪೈಪನ್ನು ಮೇಲೆ ಕಿರಿದು ಮಾಡದೆ ಹಾಗೇ ತಾರಸಿ ದಾಟಿಸುವುದು ಒಂದು. ಬುಡದಲ್ಲಿ ನಮ್ಮ ಕಮೋಡಿನ ಲೈನಿನಿಂದ ಇನ್ನೊಂದು ಗಾಳಿ ಪೈಪು ಎಬ್ಬಿಸಿ, ಗೋಡೆಗುಂಟ ಹತ್ತಿಸಿ, ಮೇಲೆ ದೊಡ್ಡ ಪೈಪಿಗೆ ಕೂಡಿಸುವುದು ಇನ್ನೊಂದು. ಬುಡದಲ್ಲಿ ಸಿಕ್ಕಿಕೊಂಡ ಗಾಳಿ ಆ ದಾರಿಯಲ್ಲಿ ಮೇಲೆ ಹೋಗಲಿ, ಬೇಕಾದಾಗ ಅದೇ ದಾರಿಯಲ್ಲಿ ಕೆಳಗೆ ಬರಲಿ ಅಂತ.

"ಎಷ್ಟು ಇಂಚಿಂದು?" ಅಂದೆ.

"ಅದ ನೀವು ಯೋಳಿ. ನಾನು ಮೂರಿಂಚು ಹಾಕ್ತೀನಿ. ಯಾಕೆ ಅಂದ್ರೆ ಲೆಕ್ಕ ಗೊತ್ತಿಲ್ಲ, ಹಾಕಿರ ಕಡೆ ಯಾರೂ ವಾಪಸ್ ಕರ್ದಿಲ್ಲ."

ನಾನು ಬ್ಯಾಂಕಿನವಳು. ಲೆಕ್ಕ ಇಲ್ಲದೆ ಸಹಿ ಹಾಕಿ ಅಭ್ಯಾಸವಿಲ್ಲ.

ಅಕ್ಕನ ಮಗ ಅಮೆರಿಕದಲ್ಲಿದ್ದಾನೆ. ನೆಂಟರಲ್ಲೆಲ್ಲ "ಎಂಜಿನಿಯರ್" ಅಂತಷ್ಟೇ ಹೇಳುತ್ತಾರೆ. ಅವನು ಮಾಡುವುದು ಕಟ್ಟಡಗಳ ಪ್ಲಂಬಿಂಗ್ ಡಿಸೈನ್. ಭಾನುವಾರ ಫೋನ್ ಮಾಡಿ ಕೇಳಿದೆ. ಇಷ್ಟು ವರ್ಷಗಳಲ್ಲಿ ಮನೆಯವರೊಬ್ಬರು ಅವನ ಕೆಲಸದ ಬಗ್ಗೆ ಕೇಳಿದ್ದು ಇದೇ ಮೊದಲಂತೆ. ಒಂದು ಗಂಟೆ ಮಾತಾಡಿದ.

ಅಲ್ಲಿ ಮುಖ್ಯವಾಗಿ ಎರಡು ನಿಯಮದ ಪುಸ್ತಕಗಳು ಚಾಲ್ತಿಯಲ್ಲಿವೆ. ಇಂಟರ್‌ನ್ಯಾಷನಲ್ ಪ್ಲಂಬಿಂಗ್ ಕೋಡ್ ಒಂದು, ಯೂನಿಫಾರ್ಮ್ ಪ್ಲಂಬಿಂಗ್ ಕೋಡ್ ಇನ್ನೊಂದು. ಎರಡೂ ಹೇಳುವ ಮೂಲ ಮಾತು ಒಂದೇ. ಗಾಳಿ ಪೈಪಿನ ವ್ಯಾಸ ಅದು ಕಾಯುವ ಡ್ರೈನ್ ಪೈಪಿನ ವ್ಯಾಸದ ಅರ್ಧಕ್ಕಿಂತ ಕಡಿಮೆ ಇರಬಾರದು. ಡ್ರೈನ್ ಎಷ್ಟೇ ಚಿಕ್ಕದಿರಲಿ, ಒಂದೂಕಾಲು ಇಂಚಿಗಿಂತ ಕೆಳಗೆ ಇಳಿಯಬಾರದು. ಮೊದಲನೆಯ ಪುಸ್ತಕದ ಪ್ರಕಾರ ಗಾಳಿ ಪೈಪು 40 ಅಡಿಗಿಂತ ಉದ್ದವಾದರೆ ಪೂರ್ತಿ ಪೈಪು ಒಂದು ಸೈಜ್ ಜಾಸ್ತಿ ಆಗಬೇಕು. ಎರಡನೆಯದು ಕಮೋಡಿಗೆ ಎರಡಿಂಚಿಗಿಂತ ಕಡಿಮೆ ಬೇಡ ಅನ್ನುತ್ತದೆ. ನಮ್ಮಲ್ಲೂ ನ್ಯಾಷನಲ್ ಬಿಲ್ಡಿಂಗ್ ಕೋಡ್ 2016ರ ಒಂಬತ್ತನೇ ಭಾಗ ಪ್ಲಂಬಿಂಗಿಗೇ ಇದೆ. ನಮ್ಮ ಬೀದಿಯಲ್ಲಿ ಮನೆ ಕಟ್ಟಿಸಿದವರು ಯಾರೂ ಅದನ್ನು ತೆರೆದ ಹಾಗೆ ಕಾಣಲಿಲ್ಲ. ನಾವೂ ಸೇರಿ.

ಈಗ ಹುಡುಗನ ಒಂದೂವರೆ ಇಂಚಿನ ಗುಟ್ಟು ತಿಳಿಯಿತು. ಅಮೆರಿಕದ ಮನೆಗಳಲ್ಲಿ ಕಮೋಡಿನ ಡ್ರೈನ್ ಸಾಮಾನ್ಯವಾಗಿ ಮೂರಿಂಚು. ಅದರ ಅರ್ಧ ಒಂದೂವರೆ. ಮೊದಲನೆಯ ಪುಸ್ತಕದ ಲೆಕ್ಕಕ್ಕೆ ಸರಿ. ನಮ್ಮದು ನಾಲ್ಕಿಂಚು. ಅವನು ಅಲ್ಲಿನ ಉತ್ತರವನ್ನು ಇಲ್ಲಿನ ಪ್ರಶ್ನೆಗೆ ಬರೆದಿದ್ದ.

ಇನ್ನೊಂದು ವಿಷಯ ಸಂತೆಪೇಟೆ ಕಡೆಯ ಅಂಗಡಿಗೆ ಹೋದಾಗ ಗೊತ್ತಾಯಿತು. ನನ್ನ ಪ್ರಕಾರ ಇಡೀ ಕಥೆಯಲ್ಲಿ ಎಲ್ಲರೂ ಎಡವುವುದು ಇಲ್ಲೇ. ಅಮೆರಿಕದ ಒಂದೂವರೆ ಇಂಚಿನ ಪೈಪಿನಲ್ಲಿ ಒಳಗಿನ ತೂತೇ ಸುಮಾರು 41 ಮಿ.ಮೀ. ಇರುತ್ತದೆ. ನಮ್ಮ ಪಿವಿಸಿ ಪೈಪಿನ ಮೇಲೆ ಬರೆದಿರುವ 40, 50, 75, 110 ಎಲ್ಲ ಹೊರಗಿನ ಅಳತೆ. ಗೋಡೆಯ ದಪ್ಪ ಎರಡೂ ಕಡೆ ಕಳೆಯಬೇಕು. ಅಂಗಡಿಯಲ್ಲೇ ಟೇಪ್ ಹಿಡಿದೆ. ಅಂಗಡಿಯವರು ಯಾರೋ ಇನ್‌ಸ್ಪೆಕ್ಟರ್ ಬಂದರು ಅಂದುಕೊಂಡು ಸ್ಟೂಲ್ ಕೊಟ್ಟರು. 40ರ ಪೈಪಿನೊಳಗೆ 36, 50ರೊಳಗೆ 46, 75ರೊಳಗೆ 71, ನಮ್ಮ ದಪ್ಪ 110ರೊಳಗೆ 103 ಚಿಲ್ಲರೆ.

103ರ ಅರ್ಧ ಐವತ್ತೊಂದೂವರೆ ಮೇಲೆ. 50ರ ಪೈಪಿನ ಒಳಗೆ ಇರುವುದು 46. ಅಂದರೆ ಎರಡಿಂಚು ಅಂತ ಕರೆಯುವ ನಮ್ಮ ಪೈಪು ಅರ್ಧದ ನಿಯಮಕ್ಕೆ ಕೂದಲೆಳೆಯಲ್ಲ, ಬೆರಳಿನ ಅರ್ಧದಷ್ಟು ಕಡಿಮೆ ಬೀಳುತ್ತದೆ. ಅದರ ಮೇಲಿನದು 63. ಒಳಗೆ 59 ಸಿಗುತ್ತದೆ, ಲೆಕ್ಕಕ್ಕೆ ಕೂರುತ್ತದೆ. ಆದರೆ ಅಂಗಡಿಯವರು ತಲೆ ಅಲ್ಲಾಡಿಸಿದರು. ಪೈಪು ತರಿಸಿಕೊಡಬಹುದು, ಅದಕ್ಕೆ ಹೊಂದುವ ಟೀ, ಬೆಂಡು, ಕ್ಲಾಂಪು ಹುಡುಕಿಕೊಂಡು ನೀವು ಬೆಂಗಳೂರಿಗೆ ಹೋಗಬೇಕು ಅಂದರು. ಉಳಿದದ್ದು 75. ಯಜಮಾನರ ಮೂರಿಂಚು!

ಸಂಜೆ ಊಟದ ಮೇಜಿನ ಮೇಲೆ ಇನ್ನೊಂದು ಲೆಕ್ಕ ಹಾಕಿದೆ. ವ್ಯಾಸ ಅರ್ಧ ಆದರೆ ಬಾಯಿ ಅರ್ಧ ಆಗುವುದಿಲ್ಲ, ಕಾಲು ಆಗುತ್ತದೆ. ಆ ಪ್ರಕಾರ ನಮ್ಮ ಮನೆಯ ಒಂದೂವರೆ ಇಂಚಿನ ಪೈಪಿನ ಬಾಯಿ ದೊಡ್ಡ ಪೈಪಿನ ಎಂಟರಲ್ಲಿ ಒಂದು ಪಾಲು. 50 ಹಾಕಿದರೆ ಐದರಲ್ಲಿ ಒಂದು. 75 ಹಾಕಿದರೆ ಹತ್ತಿರ ಹತ್ತಿರ ಅರ್ಧ. ಇಂಚಿನಲ್ಲಿ ಹೇಳಿದಾಗ ಒಂದೂವರೆಗೂ ಮೂರಕ್ಕೂ ಒಂದಕ್ಕೆರಡು ಅನ್ನಿಸುತ್ತದೆ. ಗಾಳಿಗೆ ಅದು ಒಂದಕ್ಕೆ ನಾಲ್ಕು.

ಅಕ್ಕನ ಮಗ ಇನ್ನೊಂದು ದಾರಿಯಲ್ಲೂ ಲೆಕ್ಕ ಹೇಳಿಕೊಟ್ಟ. ಅಲ್ಲಿ ಪ್ರತಿ ಸಾಮಾನಿಗೂ ಒಂದು ಅಂಕ. ಕಮೋಡಿಗೆ ಮೂರೋ ನಾಲ್ಕೋ, ಸ್ನಾನಕ್ಕೆ ಎರಡು, ವಾಷ್‌ಬೇಸಿನ್‌ಗೆ ಒಂದು. ಮೇಲಿನದು ಕೆಳಗಿನದು ಕೂಡಿಸಿದರೆ ನಮ್ಮದು ಹದಿನಾಲ್ಕು ದಾಟುವುದಿಲ್ಲ. ಯೂನಿಫಾರ್ಮ್ ಕೋಡಿನ ಪಟ್ಟಿಯಲ್ಲಿ ಎರಡಿಂಚಿನ ಗಾಳಿ ಪೈಪು 24 ಅಂಕದವರೆಗೆ, 120 ಅಡಿ ಉದ್ದದವರೆಗೆ ತಡೆಯುತ್ತದೆ. ಅಂದರೆ ಎಷ್ಟು ಕಮೋಡು ಅನ್ನುವುದು ನಮ್ಮಂಥ ಎರಡು ಮಹಡಿಯ ಮನೆಗೆ ದೊಡ್ಡ ಪ್ರಶ್ನೆಯೇ ಅಲ್ಲ. ಡ್ರೈನ್ ಎಷ್ಟು ದಪ್ಪ, ಅದರ ಅರ್ಧ ಎಷ್ಟು, ಅಷ್ಟೇ. ಹತ್ತು ಮಹಡಿಯ ಅಪಾರ್ಟ್‌ಮೆಂಟಿಗೆ ಲೆಕ್ಕ ಬೇರೆ, ಅದಕ್ಕೆ ಎಂಜಿನಿಯರೇ ಬೇಕು.

ಇಷ್ಟು ಹೊತ್ತು ಟಿವಿ ನೋಡುತ್ತಿದ್ದ ನಮ್ಮನೆಯವರು ಈಗ ಎದ್ದು ಬಂದು, "ಹಾಗಾದ್ರೆ ಎರಡೂ ನಾಲ್ಕಿಂಚೇ ಹಾಕ್ಸಿಬಿಡೋಣ, ತಲೆನೋವೇ ಬೇಡ" ಅಂದರು. ಎಷ್ಟು ಸಾಕೋ ಅಷ್ಟು ಅಂದವರೇ ಇವರು. ನಾಲ್ಕಿಂಚು ಹಾಕಿದರೆ ತಪ್ಪೇನಿಲ್ಲ, ಗಾಳಿ ಜಾಸ್ತಿ ಆಯಿತು ಅಂತ ಯಾವ ಪೈಪೂ ಕೆಡುವುದಿಲ್ಲ. ಆದರೆ ಹಿಂಗೋಡೆಯಲ್ಲಿ ಮಳೆ ನೀರಿನ ಪೈಪು, ಬಚ್ಚಲ ಪೈಪು, ಮೀಟರ್ ಬೋರ್ಡು ಎಲ್ಲ ಇವೆ. ಜಾಗ ಎಲ್ಲಿ? "ಬ್ಯಾಡ ಸಾ, ಗ್ವಾಡೆ ತುಂಬ ಪೈಪೇ ಆಯ್ತದೆ" ಅಂತ ಯಜಮಾನರೇ ತಡೆದರು.

ಅಂಗಡಿಯವರು ಒಂದು ವಾಲ್ವ್ ಕೂಡ ತೋರಿಸಿದ್ದರು. ಪೈಪಿನ ತುದಿಗೆ ಹಾಕಿದರೆ ಗಾಳಿಯನ್ನು ಒಳಗೆ ಬಿಡುತ್ತದೆ, ವಾಸನೆಯನ್ನು ಹೊರಗೆ ಬಿಡುವುದಿಲ್ಲ. ತಾರಸಿಗೆ ಪೈಪೇ ಬೇಡ, ಮನೆಯೊಳಗೇ ಮುಗಿಸಬಹುದು ಅಂದರು. ಆಸೆ ಆಯಿತು. ಆದರೆ ನಮ್ಮ ಹೊಗೆಯ ಪರೀಕ್ಷೆ ನೆನಪಾಯಿತು. ಅದು ಎಳೆತಕ್ಕೆ ಮದ್ದು. ನೂಕುವುದಕ್ಕೆ ಏನೂ ಮಾಡುವುದಿಲ್ಲ, ಗಾಳಿಯನ್ನು ಹೊರಗೆ ಬಿಡದಿರುವುದೇ ಅದರ ಕೆಲಸ ಅಲ್ವಾ. ವಾಪಸ್ ಇಟ್ಟೆ.

ಶನಿವಾರ ಕೆಲಸ ಶುರುವಾಯಿತು. ಮೊದಲು ಹಳೇ ಒಂದೂವರೆ ಇಂಚಿನ ಪೈಪನ್ನು ಬಿಚ್ಚಿದರು. ಅದು ಸಜ್ಜೆ ಸುತ್ತಿಕೊಂಡು ಹೋಗಲು ಮಧ್ಯೆ ಎರಡು ಎಲ್ಬೋ ತಿರುಗಿ ನಾಲ್ಕಡಿ ಅಡ್ಡ ಮಲಗಿತ್ತು. ಅಡ್ಡ ಭಾಗ ನಡುವೆ ಜೋತುಬಿದ್ದಿತ್ತು. ಅದನ್ನು ಬಗ್ಗಿಸಿದಾಗ ಕಪ್ಪು ನೀರು ಸುರಿಯಿತು. ಹಿಂದೆಯೇ ಮಣ್ಣಿನ ಉಂಡೆಗಳು, ಕಣಜದ ಗೂಡು. ಅಂದರೆ ನಮ್ಮ ಎರಡನೇ ತೂತು ಸಣ್ಣದು ಮಾತ್ರ ಅಲ್ಲ, ಮುಚ್ಚಿಯೇ ಹೋಗಿತ್ತು. ಹುಡುಗನ ಪರವಾಗಿ ಇದನ್ನು ಹೇಳಲೇಬೇಕು. ಒಂದೂವರೆ ಇಂಚು ಶುದ್ಧವಾಗಿದ್ದಿದ್ದರೆ ಇಷ್ಟು ಕೆಡುತ್ತಿರಲಿಲ್ಲವೇನೋ. ಆದರೆ ಮೂರಿಂಚಿನ ಪೈಪನ್ನು ಒಂದು ಕಣಜ ಮುಚ್ಚಬೇಕಾದರೆ ಅದಕ್ಕೆ ಪಂಚವಾರ್ಷಿಕ ಯೋಜನೆ ಬೇಕು. ಗಾಳಿ ಪೈಪು ಅಡ್ಡ ಹೋಗಲೇಬೇಕಾದರೆ ಡ್ರೈನ್ ಕಡೆಗೆ ಇಳಿಜಾರು ಇರಬೇಕು, ಮಳೆ ನೀರೂ ಒಳಗಿನ ಬೆವರೂ ಕೆಳಗೆ ಹರಿದುಹೋಗಲಿ ಅಂತ. ನಿಂತ ನೀರು ಅಂದರೆ ಅಲ್ಲೇ ಇನ್ನೊಂದು ಟ್ರ್ಯಾಪು.

ಅಷ್ಟು ಬಿಚ್ಚಿದ ಮೇಲೆ ಅವರನ್ನು ನಿಲ್ಲಿಸಿ ಇನ್ನೊಂದು ಸಲ ಅಳೆದೆ. ಈಗ ದೊಡ್ಡ ಪೈಪಿನ ಮೇಲ್ತುದಿ ಪೂರ್ತಿ ತೆರೆದಿತ್ತು. ಸೊಸೆ ಫ್ಲಶ್ ಮಾಡಿದಳು. ನೀರು ಬರೀ 6 ಮಿ.ಮೀ. ಇಳಿಯಿತು. ಎಳೆತ ಬಹುತೇಕ ನಿಂತಿತ್ತು. ಆದರೆ ತೇಗು ಹಾಗೇ ಇತ್ತು. ನೀರು ಉಬ್ಬಿ, ಕಮೋಡಿನ ಅಂಚಿನವರೆಗಲ್ಲದಿದ್ದರೂ ಹೆದರಿಸುವಷ್ಟು ಎದ್ದು ಬಿತ್ತು. ಮೇಲೆ ಎಷ್ಟು ದೊಡ್ಡ ತೂತು ಮಾಡಿದರೂ ಬುಡದ ಕಾಯಿಲೆ ಹೋಗುವುದಿಲ್ಲ ಅನ್ನುವುದು ಕಣ್ಣಿಗೇ ಕಂಡಿತು. ಇದನ್ನು ಅಳೆಯದೆ ಎರಡನ್ನೂ ಒಟ್ಟಿಗೆ ಹಾಕಿಸಿದ್ದರೆ ಯಾವುದು ಯಾವುದಕ್ಕೆ ಅಂತ ನನಗೆ ಗೊತ್ತೇ ಆಗುತ್ತಿರಲಿಲ್ಲ. ಯಜಮಾನರಿಗೆ ಮಾತ್ರ ಅರ್ಧ ಗಂಟೆ ಬೀಡಿ ಸೇದುವ ಬಿಡುವು ಸಿಕ್ಕಿತು.

75ರ ಪೈಪಿಗೆ ಎ ಟೈಪ್ ಸಾಕು ಅಂದರು. ಎಸ್‌ಡಬ್ಲ್ಯೂಆರ್ ಪೈಪಿನಲ್ಲಿ ಎ ಟೈಪ್ ತೆಳುವು, ಗಾಳಿಗೂ ಮಳೆ ನೀರಿಗೂ ಆಗುತ್ತದೆ. ಬಿ ಟೈಪ್ ದಪ್ಪ, ಪಾಯಿಖಾನೆ ಇಳಿಯುವ ಪೈಪಿಗೆ ಅದೇ ಬೇಕು. ಪೈಪಿನ ಮೇಲೆ ಐಎಸ್ 13592 ಅಂತಲೂ ಟೈಪ್ ಯಾವುದು ಅಂತಲೂ ಅಚ್ಚು ಇರುತ್ತದೆ, ನೋಡಿ ತರಬೇಕು. ಜಾಯಿಂಟುಗಳಿಗೆ ರಬ್ಬರ್ ರಿಂಗ್. ಪೈಪು ಜಾರಿಕೊಂಡು ಕೂರಲು ಸೋಪು ಬೇಕು ಅಂದರು. ಎಣ್ಣೆ ಹಚ್ಚಿದರೆ ರಬ್ಬರ್ ಹಾಳಾಗುತ್ತದಂತೆ. ಕೈಗೆ ಸಿಕ್ಕಿದ್ದು ಅತ್ತೆಯ ಮೈಸೂರು ಸ್ಯಾಂಡಲ್. ಆ ದಿನ ಹಿಂಗೋಡೆಯೆಲ್ಲ ಗಂಧದ ಘಮ. ಪೈಪನ್ನು ಪೂರ್ತಿ ಒತ್ತಿ ಕೂರಿಸಿ, ಆಮೇಲೆ ಒಂದು ಸೆಂಟಿಮೀಟರ್‌ನಷ್ಟು ಹಿಂದಕ್ಕೆ ಎಳೆದರು. ಬಿಸಿಲಿಗೆ ಪಿವಿಸಿ ಬೆಳೆಯುತ್ತದೆ, ಅದಕ್ಕೆ ಜಾಗ.

ಗಾಳಿ ಪೈಪನ್ನು ದೊಡ್ಡ ಪೈಪಿಗೆ ಎಲ್ಲಿ ಕೂಡಿಸುವುದು ಅನ್ನುವುದರಲ್ಲಿ ಯಜಮಾನರು ಒಂದಿಂಚೂ ಬಿಟ್ಟುಕೊಡಲಿಲ್ಲ. ಮೇಲಿನ ಮನೆಯ ವಾಷ್‌ಬೇಸಿನ್ನಿನ ಅಂಚು ಎಷ್ಟು ಎತ್ತರದಲ್ಲಿದೆ ನೋಡಿ, ಅದಕ್ಕಿಂತ ಅರ್ಧ ಅಡಿ ಮೇಲೆಯೇ ಕೂಡಿಸಿದರು. ಕೆಳಗೆ ಎಲ್ಲಾದರೂ ಕಟ್ಟಿಕೊಂಡರೆ ಕೊಳೆ ನೀರು ಗಾಳಿ ಪೈಪಿನೊಳಗೆ ನುಗ್ಗಿ ಅದನ್ನೇ ಡ್ರೈನ್ ಮಾಡಿಕೊಳ್ಳಬಾರದು. ಮೊದಲು ಮನೆಯೊಳಗೇ ಎಲ್ಲಾದರೂ ಉಕ್ಕಬೇಕು, ಮನೆಯವರಿಗೆ ಗೊತ್ತಾಗಬೇಕು. ಒಟ್ಟು ಉದ್ದ ಹದಿನೈದು ಅಡಿ ಚಿಲ್ಲರೆ ಆಯಿತು. ನಲವತ್ತು ಅಡಿಯ ನಿಯಮದ ಗೊಡವೆ ಬರಲೇ ಇಲ್ಲ.

ತಾರಸಿಯಲ್ಲಿ ಹೊಸ ಪಂಚಾಯಿತಿ. ನಾಲ್ಕಿಂಚಿನ ಪೈಪು ಪ್ಯಾರಾಪೆಟ್ ಮೇಲೆ ಒಂದಡಿ ಎದ್ದರೆ ಸಾಕು ಅಂತ ನಮ್ಮ ಲೆಕ್ಕ. ಪಕ್ಕದ ಮನೆಯವರು ಮೇಲ್ಮಹಡಿ ಕಿಟಕಿಯಿಂದಲೇ, "ಏನ್ರೀ, ನಿಮ್ಮನೆ ವಾಸನೆ ನಮ್ಮನೆ ಬೆಡ್‌ರೂಮಿಗಾ?" ಅಂದರು. ಅವರ ಕಿಟಕಿ ಪೈಪಿನಿಂದ ಆರೇ ಅಡಿ. ಅವರು ಹೇಳಿದ್ದು ನ್ಯಾಯ. ಕಿಟಕಿಯಿಂದ ಹತ್ತಡಿಯಾದರೂ ದೂರ ಇರಬೇಕು, ಆಗದಿದ್ದರೆ ಕಿಟಕಿಯ ತಲೆಗಿಂತ ಚೆನ್ನಾಗಿ ಮೇಲೆ ಹೋಗಬೇಕು. ಇನ್ನೊಂದು ಪೂರ್ತಿ ಹತ್ತಡಿ ಪೈಪು ಹಾಕಿ, ಎರಡು ಕಡೆ ಕ್ಲಾಂಪ್ ಕೊಟ್ಟು, ತುದಿಗೆ ಕೌಲ್, ಅಂದರೆ ಸೀಳುಗಳಿರುವ ಟೋಪಿ, ಕೂರಿಸಿದೆವು. ಕೌಲಿನ ಸೀಳುಗಳಿಗೆ ಒಳಗಿನಿಂದ ಸೊಳ್ಳೆ ಪರದೆ ಸುತ್ತಿ ಅಂತ ಯಾರೋ ಹೇಳಿದ್ದರು. ನಾನು ಬೇಡ ಅಂದೆ. ಅಷ್ಟು ಲೆಕ್ಕ ಹಾಕಿ ನಾಲ್ಕಿಂಚು ತಂದು, ಕೊನೆಯ ಇಂಚಿನಲ್ಲಿ ಪರದೆ ಕಟ್ಟಿ, ಅದರ ಮೇಲೆ ಧೂಳೂ ಜೇಡರ ಬಲೆಯೂ ಕೂತರೆ ಮತ್ತೆ ಒಂದೂವರೆಗೇ ಬಂದ ಹಾಗೆ.

ಭಾನುವಾರ ಬೆಳಿಗ್ಗೆ ಕೊನೆಯ ಅಳತೆ. ಟೇಪಿನ ಚೂರು, ಫೋನು, ಸೊಸೆ. ಈ ಸಲ ಮಗನೂ ಮೇಲಿನಿಂದ "ಬಿಡ್ಲಾ?" ಅಂತ ಕೂಗುತ್ತಿದ್ದ. ನೀರು ಸ್ವಲ್ಪ ನಡುಗಿತು. ಅಳೆದರೆ 1 ಮಿ.ಮೀ., ಅದೂ ನನ್ನ ಕಣ್ಣಿನ ತಪ್ಪಿರಬಹುದು. ಸೊಳ್ಳೆ ಕಡ್ಡಿಯ ಹೊಗೆ ಜಾಲರಿಯ ಮೇಲೆ ನೆಟ್ಟಗೆ ಎದ್ದು ನಿಂತಿತ್ತು. ಯಜಮಾನರು ದುಡ್ಡು ಎಣಿಸಿಕೊಂಡು, "ನಾ ಮೊದ್ಲೇ ಮೂರಿಂಚು ಅಂದಿದ್ನಲ್ಲವ್ವ" ಅಂತ ಗಾಡಿ ಹತ್ತಿದರು.

ಆಷಾಢದಲ್ಲಿ ಒಂದು ರಾತ್ರಿ ಗಾಳಿ ಹೊಡೆದಾಗ ಕಮೋಡಿನ ನೀರು ತೊಟ್ಟಿಲಿನ ಹಾಗೆ ಮೇಲೆ ಕೆಳಗೆ ಆಡುತ್ತಿತ್ತು. ಎದೆ ಧಸಕ್ಕೆಂದಿತು. ಆದರೆ ಅದು ಕೌಲಿನ ಮೇಲೆ ಬೀಸುವ ಗಾಳಿಯ ಆಟ. ಗಾಳಿ ನಿಂತಾಗ ನೀರೂ ನಿಂತಿತು, ಟೇಪಿನ ಗುರುತಿಗೆ ಸರಿಯಾಗಿ.

ಅತ್ತೆ ಇನ್ನೂ ದಿನಾ ರಾತ್ರಿ ಒಂದು ಚೊಂಬು ನೀರು ಹುಯ್ಯುತ್ತಾರೆ. ಈಗ ಬೇಕಾಗಿಲ್ಲ ಅಂದರೆ ಕೇಳುವುದಿಲ್ಲ. ಮೊನ್ನೆ ಮಗ ಸೊಸೆ ಇಪ್ಪತ್ತು ದಿನ ಊರಿಗೆ ಹೋಗಿ ಬಂದಾಗ ಮೇಲಿನ ಬಚ್ಚಲಿನಲ್ಲಿ ವಾಸನೆ. ಬಿಸಿಲಿಗೆ ನಹಾನಿ ಟ್ರ್ಯಾಪಿನ ನೀರು ಆರಿಹೋಗಿತ್ತು, ಅದಕ್ಕೂ ಗಾಳಿ ಪೈಪಿಗೂ ಸಂಬಂಧವಿಲ್ಲ. ನಾನು ಲೆಕ್ಕದ ಹಾಳೆ ಹುಡುಕುವಷ್ಟರಲ್ಲಿ ಅತ್ತೆ ಮೆಟ್ಟಿಲ ಕೆಳಗೆ ನಿಂತು ಸೊಸೆಯ ಕೈಗೆ ಚೊಂಬು ಕೊಡುತ್ತಿದ್ದರು.